ತೋಳಿನೊಳಗಿನ ಚಿನ್ನ

"ಮುಚ್ಚಿಟ್ಕೊಳ್ಳೋದೇ ಆಗಿದ್ರೆ ಚಿನ್ನದ್ದು ಯಾಕೆ ಬೇಕಿತ್ತು? ತಗಡಿಂದು ಸಾಕಿತ್ತಲ್ಲ!"

ಜಗಳ ಶುರು ಮಾಡಿದ್ದು ನಾನೇ. ನಮ್ಮನೆಯವರು ದರ್ಜಿ. ಊರಿಗೆಲ್ಲ ಗುಂಡಿ ಹಚ್ಚುವ ಮನುಷ್ಯನ ಅಂಗಿಯದೇ ತೋಳಿನ ಗುಂಡಿ ಜೋತಾಡುತ್ತಿತ್ತು. ಹೊಲಿಯೋಣ ಅಂತ ಎಡಗೈ ಹಿಡಿದರೆ ಕಫ್ ಒಳಗೆ ಚಿನ್ನದ ಕೈಗಡಿಯಾರ! ಅದರ ಸುದ್ದಿ ನನಗೆ ತಿಳಿದದ್ದೇ ಅವತ್ತು.

ಅವರು: ಇದು ಸ್ವಿಸ್ ಕಣೇ. ದೊಡ್ಡಮನುಷ್ಯರು ಕಟ್ಟೋದು. ತೋಳಿನೊಳಗೇ ಇರ್ಬೇಕು, ಅದಕ್ಕೇ ಇಷ್ಟು ತೆಳು.

ನಾನು: ತೆಳು ಅಂದ್ರೆ ಚಿನ್ನ ಕದ್ದಿದ್ದಾರೆ ಅಂತ.

ಅವರು: ಅಯ್ಯೋ, ತೆಳ್ಳಗೆ ಮಾಡೋದೇ ಕಷ್ಟ! ಅದಕ್ಕೇ ಬೆಲೆ.

ನಾನು: ಹಾಲು ತೆಳ್ಳಗಿದ್ರೆ ಮಾತ್ರ ಹಾಲಿನವಳ ಮೇಲೆ ಹಾರಾಡ್ತೀರಿ. ಸೆಕೆಂಡಿನ ಮುಳ್ಳೆಲ್ಲಿ? ಬಿದ್ದುಹೋಯ್ತಾ?

ಅವರು: ಇದಕ್ಕೆ ಇರಲ್ಲ. ಆ ಮುಳ್ಳು ಅವಸರದವರಿಗೆ. ಇದು ನಿಧಾನಸ್ಥರದು.

ನಾನು: ಗಿರಾಕಿಗಳು ಬಾಗಿಲಲ್ಲಿ ನಿಂತು ಬಯ್ಯೋದು ಯಾಕೆ ಅಂತ ಈಗ ಗೊತ್ತಾಯ್ತು ಬಿಡಿ.

ಅವರು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದರು.

ಅವರು: ಇನ್ನೂ ಎರಡಿವೆ.

ನಾನು: ಮೂರಾ! ಮೂರನೇ ಕೈ ಎಲ್ಲಿಟ್ಟಿದ್ದೀರಿ?

ಹಳೇ ಸಾಮಾನಿನ ಅಂಗಡಿಗಳನ್ನು ಹುಡುಕಿ ಹುಡುಕಿ ತಂದಿದ್ದಂತೆ. ಸಿಗರೇಟು ಬಿಟ್ಟದ್ದು ನನ್ನ ಮೇಲಿನ ಪ್ರೀತಿಗೆ ಅಂತ ಬೀಗಿದ್ದೆ. ಉಳಿಸಿದ ಆ ದುಡ್ಡೆಲ್ಲ ಗಡಿಯಾರಕ್ಕೆ ಹೋದ ಗುಟ್ಟೂ ಅವತ್ತೇ ಹೊರಬಿತ್ತು.

ಆಮೇಲೆ ನನಗಿದ್ದದ್ದು ಒಂದೇ ಆಸೆ. ಆ ಚಿನ್ನದ ಗಡಿಯಾರ ಒಂದು ಸಲ ನಮ್ಮಣ್ಣನ ಕಣ್ಣಿಗೆ ಬೀಳಬೇಕು. ತಂಗಿಯನ್ನು ಬಡ ದರ್ಜಿಗೆ ಕೊಟ್ಟೆವಲ್ಲ ಅಂತ ಮದುವೆಯ ದಿನದಿಂದ ಕೊರಗುತ್ತಿದ್ದವನು ಅವನು. ಒಂದು ಮಧ್ಯಾಹ್ನ ತಟ್ಟೆಯಷ್ಟು ದೊಡ್ಡ ಗಡಿಯಾರ ಕಟ್ಟಿಕೊಂಡು ಬಂದ.

ಅಣ್ಣ: ಭಾವ, ಟೈಮೆಷ್ಟು? ನಂದು ನಿಂತುಬಿಟ್ಟಿದೆ.

ಅವರು ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ಕಿಟಕಿಯಾಚೆ ನೋಡಿದರು.

ಅವರು: ಬಿಸಿಲು ನೋಡಿದ್ರೆ... ಮೂರಿರಬಹುದು.

ನಾನು: ರೀ, ಎಷ್ಟು ಸೆಕೆ! ತೋಳು ಮಡಚ್ಕೊಳ್ಳಿ.

ಅವರು: ನನಗೇನೂ ಸೆಕೆ ಇಲ್ಲಪ್ಪ.

ಹಾಗಂದವರು ಕೊರಳಿನ ಅಳತೆ ಟೇಪಿನಿಂದಲೇ ಹಣೆಯ ಬೆವರು ಒರೆಸಿಕೊಂಡರು.

ಅಣ್ಣ (ನನ್ನ ಕಿವಿಯಲ್ಲಿ): ಪಾಪ, ಒಂದು ಗಡಿಯಾರಕ್ಕೂ ಗತಿ ಇಲ್ವೇನಮ್ಮ?

ಮರುದಿನ ಒಂದು ಪ್ಲಾಸ್ಟಿಕ್ ಗಡಿಯಾರ ಕಳಿಸಿಕೊಟ್ಟ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಇವರೋ, ಹಿಗ್ಗಿ ಬಲಗೈಗೆ ಕಟ್ಟಿಕೊಂಡರು!

ಅವರು: ಕೇಳಿದವರಿಗೆ ತೋರ್ಸೋಕೆ ಒಂದು ಬೇಕಿತ್ತು ನೋಡು.

ನಾನು: ಒಂದೇ ಒಂದು ಸಲ ತೋಳು ಮಡಚಿದ್ರೆ ಏನು ಗಂಟು ಹೋಗ್ತಿತ್ತು?

ಅವರು: ದೊಡ್ಡಮನುಷ್ಯರು ಮಡಚಲ್ಲ.

ಗಡಿಯಾರ ಏಳಾದವು, ಜಗಳ ಮಾತ್ರ ಅದೊಂದೇ. ಕೊನೆಗೆ ಅವರು ಹಾಸಿಗೆ ಹಿಡಿದರು. ಕೈ ಸೊರಗಿ, ಪಟ್ಟಿ ಜಾರತೊಡಗಿತು. ಒಂದು ಬೆಳಿಗ್ಗೆ, ಮೊದಲು ಸಿಕ್ಕಿಬಿದ್ದಿದ್ದ ಆ ಗಡಿಯಾರಕ್ಕೇ ಕೀ ಕೊಟ್ಟು ನನ್ನ ಎಡಗೈಗೆ ಕಟ್ಟಿದರು. ಪಟ್ಟಿಗೆ ಹೊಸದೊಂದು ತೂತು ಹಾಕಿಟ್ಟಿದ್ದರು. ನನ್ನ ಅಳತೆ ಅವರಿಗೆ ಬಾಯಿಪಾಠ. ಆಗ ಕೇಳಿಕೊಂಡದ್ದೇ ಅವರ ಕೊನೆಯ ಕೋರಿಕೆ.

ಅವರು: ಸಂಜೆ ನಿಮ್ಮಣ್ಣ ಬರ್ತಾರಂತಲ್ಲ. ಉದ್ದ ತೋಳಿಂದು ಹಾಕ್ಕೋಬೇಡ. ಇವತ್ತೊಂದೇ ಅಲ್ಲ, ಇನ್ನು ಯಾವತ್ತೂ.

ನಾನು: ದೊಡ್ಡಮನುಷ್ಯರು ತೋರ್ಸಲ್ಲ ಅಂತಿದ್ರಿ?

ಅವರು: ಅದು ನನ್ನ ಹಟ. ನೀನು ತೋರ್ಸು.

ನಾನು: ಚಳಿ ಆದ್ರೆ?

ಅವರು: ಬಲಗೈಗೆ ಮಾತ್ರ ತೋಳು ಹೊಲಿಸ್ಕೋ.