ಗುರುದಕ್ಷಿಣೆಯ ಚೀಲಕ್ಕೆ ಜೀನ್ಸ್ ಹೊಲಿಗೆ

ಎಂ.ಎ. ಪದವಿಯನ್ನು ಮನೆಯಲ್ಲಿ ಕೂತೇ ಗಳಿಸಬಹುದು ಎಂದು ಗೊತ್ತಾದ ದಿನ ನನಗೆ ಅನಿಸಿದ್ದಿಷ್ಟೇ: ಇಷ್ಟು ಸುಲಭದ ಕೆಲಸವನ್ನು ಜನ ಯಾಕೆ ಮಾಡುತ್ತಿಲ್ಲ?

ನನ್ನ ಹೆಸರು ಹುಲಿಗೆಮ್ಮ. ಕುರುಗೋಡಿನಲ್ಲಿ ಅಂಗನವಾಡಿ ಟೀಚರ್. ತವರು ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದ ಕಡೆ. ಅಪ್ಪ, ಅವ್ವ ಇಬ್ಬರೂ ಬೇರೆಯವರ ಗದ್ದೆಯಲ್ಲಿ ಭತ್ತ ನಾಟಿ ಮಾಡಿದವರು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದು ಸಹಿ ಹಾಕಿದ ಮೊದಲನೆಯವಳು ನಾನು. ಬಿ.ಎ. ಮುಗಿಸಿದ ಮೊದಲನೆಯವಳೂ ನಾನೇ. ಇದನ್ನು ನಾನು ಯಾರು ಕೇಳಿದರೂ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಬಳ್ಳಾರಿ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿ, ಅವರು ಎದ್ದು ಹಿಂದಿನ ಸೀಟಿಗೆ ಹೋದದ್ದೂ ಉಂಟು.

ದೂರ ಶಿಕ್ಷಣದಲ್ಲಿ ಎಂ.ಎ. ಅರ್ಥಶಾಸ್ತ್ರಕ್ಕೆ ಅರ್ಜಿ ಹಾಕಿ ಬಂದೆ. ಆ ವಾರವೇ ನಮ್ಮ ಮನೆಯವರು ಒಂದು ತಗಡಿನ ಬೋರ್ಡು ಹಿಡಿದುಕೊಂಡು ಬಂದರು. ಅವರು ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಪ್ಯಾಂಟು ಹೊಲಿಯುತ್ತಾರೆ. ಬೋರ್ಡಿನ ಮೇಲೆ ನೀಲಿ ಬಣ್ಣದಲ್ಲಿ ‘ಶ್ರೀಮತಿ ಹುಲಿಗೆಮ್ಮ, ಬಿ.ಎ., ಎಂ.ಎ.’ ಎಂದು ಬರೆಸಿದ್ದರು.

“ಅಯ್ಯ, ಇನ್ನಾ ಪುಸ್ತಕನ ಬಂದಿಲ್ಲಲ್ರೀ!” ಎಂದೆ.

“ಪೇಂಟರ್‌ನ ಎರಡೆರಡು ಸಲ ಯಾಕ ಕರಸಬೇಕು? ಹೆಂಗೂ ಬರಿಯೋದೈತಿ, ಒಂದ ಸಲಕ್ಕ ಬರಸಿಬಿಟ್ಟೆ. ನೀ ಹಿಂದಿಂದ ಪಾಸಾಗು.”

ಹೀಗೆ ನಾನು ಎಂ.ಎ. ಆದೆ. ಉಳಿದದ್ದು ಬರೀ ಓದುವುದು.

ಮೊದಲ ವರ್ಷ ಹೇಗೋ ದಾಟಿತು. ಕೊನೆಯ ವರ್ಷಕ್ಕೆ ನನಗೆ ಹೊಸ ಮಾರ್ಗದರ್ಶಕರನ್ನು ಕೊಟ್ಟರು. ಅವರೇ ಆಚಾರ್ ಸರ್. ನಾನು ಬರೆದ ಅಸೈನ್‌ಮೆಂಟನ್ನು ಅವರು ನೋಡಿ ಕೇಂದ್ರಕ್ಕೆ ಅಂಕ ಕಳಿಸಬೇಕು. ಅಂಕ ಹೋಗದಿದ್ದರೆ ಹಾಲ್ ಟಿಕೆಟ್ ಇಲ್ಲ. ಹಾಲ್ ಟಿಕೆಟ್ ಇಲ್ಲದಿದ್ದರೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ನಮ್ಮ ಬಾಗಿಲಿನ ಬೋರ್ಡು ಸುಳ್ಳು!

ಸರ್ ಬಳ್ಳಾರಿಯ ಅಧ್ಯಯನ ಕೇಂದ್ರಕ್ಕೆ ಬರುವುದು ಭಾನುವಾರ ಮಾತ್ರ. ಅಂಗನವಾಡಿ ಟೀಚರಿಗೆ ಭಾನುವಾರ ಎಂಬುದೊಂದು ಇದೆ ಎಂದು ಸರ್ಕಾರಕ್ಕೆ ಯಾರೂ ತಿಳಿಸಿಲ್ಲ. ಒಂದು ಭಾನುವಾರ ಪೋಲಿಯೋ ಹನಿ, ಇನ್ನೊಂದು ಭಾನುವಾರ ಮತದಾರರ ಪಟ್ಟಿ. ಹಾಗಾಗಿ ಸರ್ ಮುಖವನ್ನು ನಾನು ನೋಡಲಿಲ್ಲ, ನನ್ನ ಮುಖವನ್ನು ಸರ್ ನೋಡಲಿಲ್ಲ. ಕೇಂದ್ರದಿಂದ ಅವರ ಮೊಬೈಲ್ ನಂಬರು ಪಡೆದು, “ಪರಮಪೂಜ್ಯ ಗುರುಗಳ ಪಾದಾರವಿಂದಗಳಿಗೆ” ಎಂದು ಶುರುಮಾಡಿ ವಾಟ್ಸ್ಯಾಪ್ ಕಳಿಸಿದೆ. ಎರಡು ಬೂದು ಗೀಟು ಬಿದ್ದವು. ನೀಲಿ ಆಗಲಿಲ್ಲ. ಶುಭೋದಯ ಕಳಿಸಿದೆ. ಏಕಾದಶಿಯ ಶುಭಾಶಯ ಕಳಿಸಿದೆ. ಬೂದು! ಫೋನ್ ಮಾಡಿದೆ. ‘ಅಪರಿಚಿತರ ಕರೆ ನಂಬಬೇಡಿ’ ಎಂದು ರೆಕಾರ್ಡಿನ ಒಬ್ಬ ಹೆಣ್ಣುಮಗಳು ಎಚ್ಚರಿಕೆ ಕೊಟ್ಟಳೇ ಹೊರತು ಸರ್ ಎತ್ತಲಿಲ್ಲ.

ಆ ಹೆಣ್ಣುಮಗಳ ಮಾತನ್ನು ಮಾತ್ರ ನಾನು ನಿಷ್ಠೆಯಿಂದ ಪಾಲಿಸಿದೆ. ಅದೇ ದಿನಗಳಲ್ಲಿ ಯಾವುದೋ ಲ್ಯಾಂಡ್‌ಲೈನಿನಿಂದ ನನಗೆ ಕರೆ ಬರುತ್ತಿತ್ತು. “ಸಾಲ ಕೊಡೋರು. ಎತ್ತಬ್ಯಾಡ, ಬ್ಯಾಂಕಿನಾಗಿದ್ದಿದ್ದೂ ಹೊಕ್ಕತಿ” ಎಂದರು ನಮ್ಮ ಮನೆಯವರು. ಬಂದಾಗಲೆಲ್ಲ ಕಟ್ ಮಾಡಿದೆ. ಒಂದು ಭಾನುವಾರ ಸಿಟ್ಟು ತಡೆಯದೆ ಎತ್ತಿ, ಆ ಕಡೆಯವರು ಬಾಯಿ ತೆರೆಯುವ ಮೊದಲೇ, “ನಾನು ಬಿ.ಎ. ಓದಿದಾಕಿ ಅದೀನಿ! ನಿನ್ನ ಆಟ ನನ್ನ ಹತ್ರ ನಡಿಯಂಗಿಲ್ಲ, ಇಡು ಫೋನು!” ಎಂದು ಝಾಡಿಸಿದೆ. ಮನೆಯವರು ಕಣ್ಣರಳಿಸಿ ನೋಡಿದರು. ವಿದ್ಯೆಯ ಬೆಲೆ ತಿಳಿಯುವುದು ಇಂಥ ಹೊತ್ತಿನಲ್ಲೇ.

ಅಂಕ ಕಳಿಸುವ ಕೊನೆಯ ದಿನ ಹತ್ತಿರ ಬಂತು. ನಾನು ಬೋರ್ಡಿನ ‘ಎಂ.ಎ.’ ಮುಚ್ಚುವಂತೆ ಒಂದು ಕ್ಯಾಲೆಂಡರ್ ನೇತುಹಾಕಿದೆ. ಗಾಳಿ ಬಂದಾಗಲೆಲ್ಲ ಕ್ಯಾಲೆಂಡರ್ ಹಾರಿ, ಎಂ.ಎ. ಹೊರಗೆ ಇಣುಕಿ ನನ್ನನ್ನೇ ನೋಡುತ್ತಿತ್ತು.

ನಮ್ಮಣ್ಣ ಹೊನ್ನೂರಪ್ಪ ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ತೂಕದ ಕೆಲಸ ಮಾಡುತ್ತಾನೆ. ಫೋನಿನಲ್ಲಿ ನನ್ನ ಗೋಳು ಕೇಳಿ ನಕ್ಕ.

“ಏ ಹುಚ್ಚಿ, ಗುರುಗಳ ಹತ್ರ ಯಾರಾದ್ರೂ ಬರಿಗೈಲೆ ಹೊಕ್ಕಾರೇನು? ಒಂದು ಚೀಲ ಹಳೇ ಸೋನಾಮಸೂರಿ ಕಳಸ್ತೀನಿ. ಮನೀಗೆ ಹೋಗಿ ಇಟ್ಟು ಕೈಮುಗಿ. ಕೆಲಸ ಆತು ಅಂತ ತಿಳಕ.”

ಸತ್ಯನಾರಾಯಣಪೇಟೆಯಲ್ಲಿ ಸರ್ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಆಟೋದಿಂದ ಚೀಲ ಇಳಿಸುವುದು. ಸೊಂಟ ಹಿಡಿದುಕೊಂಡು ಬಾಗಿಲು ಬಡಿದೆ. ಸರ್ ಪತ್ನಿ ಬಂದರು. ನನ್ನನ್ನು ನೋಡಲಿಲ್ಲ, ಚೀಲ ನೋಡಿದರು.

“ಅಂತೂ ಬಂದ್ರಲ್ಲ! ಸಿರುಗುಪ್ಪದ ಅಕ್ಕಿ ಕಳಸ್ತೀನಿ ಅಂತ ಆ ಅಂಗಡಿಯಾಂವ ಯುಗಾದಿಗೆ ಹೇಳಿದ್ದ. ಹಳೇದೇನ್ರಿ, ಹೊಸಾದೋ?”

“ಹಳೇದ್ರಿ ಅಮ್ಮಾರೆ... ನಾನು ಸರ್‌ನ...”

“ಅವ್ರು ಮನಿಯೊಳಗ ಇಲ್ಲ. ರೊಕ್ಕಾ ನಾನ ಕೊಡ್ತೀನಿ. ರೇಟ್ ಹೆಂಗ?”

ಗುರುದಕ್ಷಿಣೆಗೆ ರೇಟು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸುಮ್ಮನೆ ಕೊಡುತ್ತೇನೆ ಎಂದರೆ ಲಂಚ ಎಂದು ತಿಳಿದಾರು. ಹೆದರಿ, ಬಾಯಿಗೆ ಬಂದ ಒಂದು ರೇಟು ಹೇಳಿದೆ. “ಭಾಳಾತು” ಎಂದರು. ಇಳಿಸಿದೆ. “ಇನ್ನಷ್ಟು ನೋಡ್ರಿ” ಎಂದರು. ಇನ್ನಷ್ಟು ನೋಡಿದೆ. ಬೆಲೆ ಇಳಿದಂತೆ ಬೇಡಿಕೆ ಏರುತ್ತದೆ ಎಂದು ನಾನು ಅಸೈನ್‌ಮೆಂಟಿನಲ್ಲಿ ಪುಟಗಟ್ಟಲೆ ಬರೆದಿದ್ದೆ. ಅದು ನನ್ನ ಕಣ್ಣೆದುರೇ ನಡೆಯಿತು! ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, “ಏಮಮ್ಮಾ, ಬಿಯ್ಯಂ ಬಾಗುಂದಾ? ನಾಕೂ ಒಕ ಸಂಚಿ ತೇ!” ಎಂದರು. ಅವರಿಗೂ ಒಂದು ಚೀಲ ಬೇಕಂತೆ. ಬಳ್ಳಾರಿಯಲ್ಲಿ ತೆಲುಗಿಗೆ ತೆಲುಗಿನಲ್ಲೇ ಉತ್ತರ ಕೊಡುವುದು ಮರ್ಯಾದೆ. “ತೆಸ್ತಾನಮ್ಮಾ” ಎಂದು ತರಲು ಒಪ್ಪಿಕೊಂಡೆ.

ಸರ್ ಪತ್ನಿ ನನ್ನ ಹೆಸರು ಕೇಳಲಿಲ್ಲ. ಊರು ಕೇಳಿದರು, ನಂಬರು ಕೇಳಿದರು. ಕೊಟ್ಟೆ. ಅಸೈನ್‌ಮೆಂಟು ಹೋದ ಹಾಗೆಯೇ ನನ್ನ ಕೈಚೀಲದಲ್ಲಿ ವಾಪಸು ಬಂತು.

ಅಂದು ಸಂಜೆ ಫೋನು ಬಂತು. ನೋಡಿದರೆ ಆಚಾರ್ ಸರ್ ಮೊಬೈಲ್ ನಂಬರು! ಎದ್ದು ನಿಂತು ಎತ್ತಿದೆ.

“ಅಕ್ಕಿಯವ್ರೇನ್ರಿ? ಅನ್ನ ಭಾಳ ಛಲೋ ಆಗ್ಯದ. ಇನ್ನೊಂದು ಚೀಲ ಹಾಕಿಬಿಡ್ರಿ.”

“ಆತ್ರಿ ಸರ್” ಎಂದು ಇಟ್ಟೆ. ಮರುದಿನ ಧೈರ್ಯ ಮಾಡಿ ನಾನೇ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು! “ಹೇಳ್ರಿ ಅಕ್ಕಿಯವ್ರ” ಎಂದರು. ಆ ಪ್ರೀತಿ ಕೇಳಿದ ಮೇಲೆ, ನಾನು ನಿಮ್ಮ ವಿದ್ಯಾರ್ಥಿನಿ ಎನ್ನಲು ನಾಲಿಗೆಯೇ ಏಳಲಿಲ್ಲ. ಎತ್ತಿದ ಫೋನನ್ನು ಇಟ್ಟುಬಿಟ್ಟರೆ? “ಗುರುವಾರ ತರ್ತೀನ್ರಿ” ಎಂದೆ.

ಅಣ್ಣನಿಗೆ ಇನ್ನೂ ಎರಡು ಚೀಲ ಬೇಕೆಂದೆ. “ಯಾವ ರೇಟಿಗೆ ಕೊಟ್ಟಿ?” ಎಂದ. ಹೇಳಿದೆ.

“ಆ ರೇಟಿಗೆ ತೌಡು ಬರ್ತೈತೇನೋ ಕೇಳಿ ಹೇಳ್ತೀನಿ ತಡಿ. ನೀ ಓದೋದು ಅರ್ಥಶಾಸ್ತ್ರ ಅಲ್ಲೇನಲೇ?”

ಎರಡನೆಯ ಸಲದ ಉಪಾಯ ನಮ್ಮ ಮನೆಯವರದು. “ಹೇಳಾಕ ಬಾಯಿ ಬರದಿದ್ರ ಚೀಲದಾಗ ಹಾಕಿ ಕಳಸು. ಬಾಯಿ ಬಿಚ್ಚಿದ ಕೂಡಲೇ ಮೊದಲು ಕೈಗೆ ಹತ್ತೋದು ನಿನ್ನ ಅಸೈನ್‌ಮೆಂಟ!” ನನಗೆ ಅವರ ಮೇಲೆ ಗೌರವ ಹುಟ್ಟಿತು. ಅಸೈನ್‌ಮೆಂಟಿಗೆ ಪ್ಲಾಸ್ಟಿಕ್ ಕವರು ತೊಡಿಸಿ ಅಕ್ಕಿಯ ಮೇಲೆ ಮಲಗಿಸಿದೆವು. ಚೀಲದ ಬಾಯಿಗೆ ಅವರೇ ಕೂತು ಹೊಲಿಗೆ ಹಾಕಿದರು. ಜೀನ್ಸಿನ ಕೇಸರಿ ದಾರ, ಜೋಡಿ ಹೊಲಿಗೆ. ಮುಗಿದ ಮೇಲೆ ಎಳೆದು ನೋಡಿ, “ಪ್ಯಾಂಟ್ ಹರದ್ರೂ ಈ ಹೊಲಿಗಿ ಹರಿಯಂಗಿಲ್ಲ” ಎಂದರು. ಆ ಮಾತಿನಲ್ಲಿದ್ದ ಅಪಶಕುನ ನನಗೆ ಆಗ ಹೊಳೆಯಲಿಲ್ಲ.

ಗುರುವಾರ ಚೀಲ ಕೊಟ್ಟು ಬಂದು ಕಾದೆ. ಶನಿವಾರ ಸರ್ ಫೋನು ಬಂತು. ಮನೆಯವರನ್ನೂ ಪಕ್ಕಕ್ಕೆ ಕೂರಿಸಿಕೊಂಡು ಸ್ಪೀಕರ್ ಹಾಕಿದೆ.

“ಈ ಸಲದ ಅಕ್ಕೀನೂ ಛಲೋ ಅದ್ರಿ. ಅಂದ್ಹಂಗ, ನಿಮ್ಮದು ಕುರುಗೋಡಲ್ಲ? ಅಲ್ಲಿ ಹುಲಿಗೆಮ್ಮ ಅಂತ ಒಬ್ಬಾಕಿ ಇದ್ದಾಳ, ನನ್ನ ಸ್ಟೂಡೆಂಟು. ಗೊತ್ತೇನ್ರಿ?”

“ಅದಾಳ್ರಿ” ಎಂದೆ.

“ಒಂದು ಕ್ಲಾಸಿಗೆ ಬಂದಿಲ್ಲ, ಒಂದು ಅಸೈನ್‌ಮೆಂಟ್ ಕೊಟ್ಟಿಲ್ಲ. ಕೇಂದ್ರದ ಲ್ಯಾಂಡ್‌ಲೈನಿಂದ ನಾನ ಫೋನ್ ಮಾಡಿದ್ರ ಕಟ್ ಮಾಡ್ತಾಳ. ಒಮ್ಮೆ ಎತ್ತಿ, ‘ನಾನು ಬಿ.ಎ. ಓದಿದಾಕಿ, ನಿನ್ನ ಆಟ ನಡಿಯಂಗಿಲ್ಲ’ ಅಂತ ನನಗ ಬೈದಳ್ರಿ! ನನ್ನ ಸರ್ವೀಸಿನಾಗ ಇಂಥಾ ಸ್ಟೂಡೆಂಟ್ ನೋಡಿಲ್ಲ. ಸೋಮವಾರ ಅಂಕ ಕಳಸಲಿಕ್ಕೆ ಕಡೀ ದಿನ. ಪಾಪ, ಒಂದು ವರ್ಷ ಹಾಳಾಗ್ತದ. ನಿಮಗ ಸಿಕ್ಕರ ಹೇಳ್ರಿ.”

“ಸಿಕ್ಕರ ಹೇಳ್ತೀನ್ರಿ ಸರ್” ಎಂದೆ.

ಫೋನು ಇಟ್ಟೆ. ನಮ್ಮ ಮನೆಯವರು ಸುತ್ತಮುತ್ತ ನೋಡಿ, “ಸಿಕ್ಕಳೇನು?” ಎಂದರು.

ಭಾನುವಾರ ಅಂಗನವಾಡಿಯ ಹೆಲ್ಪರ್ ಅಕ್ಕನಿಗೆ ಕೆಲಸ ಒಪ್ಪಿಸಿ ಮೊದಲ ಬಸ್ಸಿಗೇ ಬಳ್ಳಾರಿಗೆ ಹೋದೆ. ಸರ್ ಇನ್ನೂ ಕೇಂದ್ರಕ್ಕೆ ಹೊರಟಿರಲಿಲ್ಲ. ನಾನು ನೇರ ಅವರ ಅಡುಗೆಮನೆಯ ಬಾಗಿಲಿಗೆ ಹೋಗಿ ಚೀಲ ನೋಡಿದೆ. ಕೇಸರಿ ಹೊಲಿಗೆ ಇದ್ದ ಹಾಗೇ ಇದೆ! ಒಂದು ಎಳೆ ಅಲುಗಿಲ್ಲ.

“ಅದೇನು ಹೊಲಿಗೀನವಾ ಅದು! ನಮ್ಮ ಕತ್ತರಿ ಮುರೀತು” ಎಂದರು ಸರ್ ಪತ್ನಿ. “ಕಡೀಕ ಕೆಳಗಿನ ಮೂಲಿ ಕೊಯ್ದು, ಅಲ್ಲಿಂದ ತಗೋಳಿಕತ್ತೀವಿ.”

ಅಂದರೆ ನನ್ನ ಅಸೈನ್‌ಮೆಂಟು ಚೀಲದ ತುದಿಯಲ್ಲಿ ಕೂತು, ದಿನಕ್ಕೊಂದು ಪಾವು ಅಕ್ಕಿಯಷ್ಟು ಕೆಳಗಿಳಿಯುತ್ತಿತ್ತು. ಆ ಮನೆಯಲ್ಲಿ ಇರುವವರು ಇಬ್ಬರೇ. ಊಟವೂ ಮಿತ. ದೀಪಾವಳಿಯ ಹೊತ್ತಿಗೆ ಅದು ಸರ್ ಕೈ ಸೇರುತ್ತಿತ್ತು!

“ಅಮ್ಮಾರೆ, ಒಂದ್ಸಲ ಚೀಲ ಸುರುವಿ ನೋಡ್ತೀನ್ರಿ.”

“ಯಾಕವಾ? ರೇಟ್ ಗಿಟ್ಟಲಿಲ್ಲಂತ ವಾಪಸ್ ಒಯ್ಯಲಿಕ್ಕೆ ಬಂದೀರೇನು? ಆಡಿದ ಮಾತು ಆಡಿದ್ದ!”

ಗಲಾಟೆ ಕೇಳಿ ಸರ್ ಒಳಗಿಂದ ಬಂದರು. ಅಷ್ಟರಲ್ಲಿ ನಾನು ನೆಲಕ್ಕೆ ಹಾಸಿದ ಹಳೆಯ ಸೀರೆಯ ಮೇಲೆ ಚೀಲದ ಹೊಲಿದ ತುದಿ ಎತ್ತಿ ಹಿಡಿದು, ಕೊಯ್ದ ಮೂಲೆಯಿಂದ ಅಕ್ಕಿ ಸುರಿಯುತ್ತಿದ್ದೆ. ಅಕ್ಕಿ ಬಂತು, ಬಂತು, ಬರುತ್ತಲೇ ಇತ್ತು. ಕಡೆಗೆ ಪ್ಲಾಸ್ಟಿಕ್ ಕವರು ಸರ್ ಪಾದದ ಬಳಿ ಬಿತ್ತು. ಗುರುಗಳ ಪಾದಾರವಿಂದಗಳಿಗೆ!

ಸರ್ ಎತ್ತಿಕೊಂಡರು. ಕನ್ನಡಕ ಏರಿಸಿ ಮೇಲಿನ ಹೆಸರು ಓದಿದರು. ನನ್ನನ್ನು ನೋಡಿದರು. ಮತ್ತೆ ಹೆಸರು ಓದಿದರು. ಕುಕ್ಕರ್ ಕೂಗಿತು. ಅದರೊಳಗಿದ್ದದ್ದೂ ನನ್ನದೇ ಅಕ್ಕಿ.

“ಹುಲಿಗೆಮ್ಮ ಸಿಕ್ಕಳೇನ್ರಿ?” ಎಂದರು ಸರ್, ನಿಧಾನವಾಗಿ.

“ಸಿಕ್ಕಾಳ್ರಿ ಸರ್” ಎಂದು ತಲೆ ತಗ್ಗಿಸಿದೆ.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಪಡಸಾಲೆಯ ಕುರ್ಚಿಯಲ್ಲಿ ಕೂತು ಓದತೊಡಗಿದರು. ಪುಟ ತಿರುವಿದಾಗಲೆಲ್ಲ ಅಕ್ಕಿಕಾಳು ಉದುರುತ್ತಿತ್ತು. ನಡುವೆ ಒಂದು ಕಡೆ ಕೆಂಪು ಪೆನ್ನು ನಿಲ್ಲಿಸಿ ಕೇಳಿದರು:

“‘ಮಾರಾಟಗಾರನು ಸದಾ ಲಾಭವನ್ನೇ ಬಯಸುತ್ತಾನೆ’ ಅಂತ ಬರದೀರಿ. ನಮಗ ಕೊಟ್ಟ ರೇಟಿನಾಗ ನಿಮಗ ಎಲ್ಲಿ ಅದ ಲಾಭ?”

“ಇಲ್ರಿ ಸರ್. ನುಕ್ಸಾನ್ ಆಗೈತ್ರಿ.”

“ಏ, ಕೇಳಿದೇನ? ಶಿಷ್ಯರ ಹತ್ರ ಹಂಗ ತಗೋಬಾರದು. ಸರಿಯಾದ ರೇಟ್ ಕೊಟ್ಟುಬಿಡು” ಎಂದು ಸರ್ ಒಳಗೆ ಕೂಗಿ ಹೇಳಿದರು.

“ಆಡಿದ ಮಾತು ಆಡಿದ್ದ!” ಎಂದು ಅಡುಗೆಮನೆಯಿಂದ ಉತ್ತರ ಬಂತು.

ಸರ್ ಅಂಕ ಹಾಕಿದರು. ಅಂದೇ ಕೇಂದ್ರಕ್ಕೆ ಮುಟ್ಟಿಸುತ್ತೇನೆಂದರು. ನನ್ನ ಎದೆಯ ಮೇಲಿಂದ ಅಕ್ಕಿ ಮೂಟೆ ಇಳಿದಂತಾಯಿತು. ಹೊರಡುವಾಗ ಅವರ ಮೊಬೈಲಿನಲ್ಲಿ ನನ್ನ ನಂಬರಿಗೆ ಕೊಟ್ಟ ಹೆಸರು ಕಣ್ಣಿಗೆ ಬಿತ್ತು: ‘ಅಕ್ಕಿ ಕುರುಗೋಡು’. ಎಷ್ಟೆಂದರೂ ಪದವೀಧರೆ. ಸುಮ್ಮನಿರಲಾಗಲಿಲ್ಲ.

“ಸರ್, ಇನ್ನ ಮ್ಯಾಲೆ ಅದನ್ನ ‘ಹುಲಿಗೆಮ್ಮ, ವಿದ್ಯಾರ್ಥಿನಿ’ ಅಂತ ಮಾಡ್ಕೊಳ್ರಿ.”

“ಬ್ಯಾಡಮ್ಮ, ಹಂಗ ಇರ್ಲಿ” ಎಂದರು ಸರ್. “ವಿದ್ಯಾರ್ಥಿನಿ ಅಂತ ಇಟ್ಟರ ನಾ ಎತ್ತಂಗಿಲ್ಲ.”

ಪರೀಕ್ಷೆ ಬರೆದೆ. ಪಾಸಾದೆ. ಫಲಿತಾಂಶ ಬಂದ ದಿನ ಅಪ್ಪ, ಅವ್ವ ಕೆಂಚನಗುಡ್ಡದಿಂದ ಬಂದಿದ್ದರು. ನಮ್ಮ ಮನೆಯವರು ಓಣಿಯವರೆಲ್ಲರ ಮುಂದೆ ಬೋರ್ಡಿನ ಕ್ಯಾಲೆಂಡರ್ ಕಿತ್ತರು. ಓದಲು ಬಾರದ ನಮ್ಮಪ್ಪ ‘ಎಂ.ಎ.’ ಮೇಲೆ ಬೆರಳಾಡಿಸಿ, “ಇದ ಹೌದೇನು?” ಎಂದು ಕೇಳಿ, ಹೌದೆಂದ ಮೇಲೆ ಟವೆಲಿನಿಂದ ಅಷ್ಟನ್ನೇ ಒರೆಸಿದ. ನಾನು ಆ ಉಬ್ಬಿನಲ್ಲೇ ಸರ್‌ಗೆ ಫೋನ್ ಮಾಡಿದೆ. ಒಂದೇ ರಿಂಗು.

“ಸರ್, ನಾನು ಎಂ.ಎ. ಆದೆ!”

“ಭಾಳ ಸಂತೋಷಮ್ಮ, ಭಾಳ ಸಂತೋಷ! ಹಂಗ ಒಂದು ಚೀಲ ಕಳಸಿಬಿಡ್ರಿ. ಈ ಸಲ ಹೊಲಿಗಿ ಬ್ಯಾಡ, ಬರೇ ಹಗ್ಗ ಕಟ್ರಿ.”

ಕಳಿಸಿದೆ. ಪಕ್ಕದ ಮನೆಯಾಕೆಗೂ ಕಳಿಸಿದೆ. ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾನು, ಸತ್ಯನಾರಾಯಣಪೇಟೆಯ ಆ ಬೀದಿಗೆ ಇವತ್ತಿಗೂ ಅದೇ ರೇಟಿನಲ್ಲಿ ಅಕ್ಕಿ ಹಾಕುತ್ತಿದ್ದೇನೆ.