ಕಚ್ಚಿಟ್ಟ ರೊಟ್ಟಿ

ಜೋಹಿದ್ ಆ ರೊಟ್ಟಿಯನ್ನು ಪೂರ್ತಿ ತಿಂದಿದ್ದರೆ ಏನೂ ಆಗುತ್ತಿರಲಿಲ್ಲ. ಒಂದೇ ಒಂದು ಸಲ ಕಚ್ಚಿ, ಉಳಿದದ್ದನ್ನು ಗೋಡೆಯ ಮೊಳೆಗೆ ನೇತುಹಾಕಿದ. ಅಲ್ಲೇ ಕೆಟ್ಟಿತು.

ಮೂಲ ತಪ್ಪು ಸಿನಿಮಾ ಶಾಲೆಯ ಮೇಷ್ಟ್ರದು. ಜೋಹಿದ್ ಬರೆದ ಸೈಕಲಾಜಿಕಲ್ ಥ್ರಿಲ್ಲರ್ ಓದಿ, "ನಿನ್ನ ಹುಡುಗಿ ಕಿರುಚ್ತಾಳೆ, ಓಡ್ತಾಳೆ, ಎಲ್ಲಾ ಸರಿ. ಅವಳಿಗೆ ಬೇಕಾಗಿರೋದೇನಯ್ಯಾ? ಜೀವ ಇರೋ ಪಾತ್ರ ತಗೊಂಡು ಬಾ, ನಾಳೆಯೊಳಗೆ" ಎಂದು ವಾಪಸು ಕಳಿಸಿದ್ದರು.

ಬೆಳಗಿನ ಚಹಾ ಕುಡಿಯುವಾಗ ಪಾತ್ರ ಹೊಳೆಯಿತು. ಅವರ ಕಡೆ ದೂರದೇಶಕ್ಕೆ ಹೊರಡುವವರು ರೊಟ್ಟಿಯನ್ನು ಒಂದು ಕಚ್ಚು ಕಚ್ಚಿ ಹೋಗುತ್ತಾರೆ. ಅವರು ಬಂದು ತಿಂದು ಮುಗಿಸುವವರೆಗೆ ಅದು ಗೋಡೆಯ ಮೇಲೆ ಕಾಯುತ್ತದೆ. ಅಂಥ ರೊಟ್ಟಿಯ ಕೆಳಗೆ ಕಾಯುತ್ತ ಕೂತ ಹುಡುಗಿ. ದಿನ ಬೆಳಗಾದರೆ ರೊಟ್ಟಿಯಲ್ಲಿ ಇನ್ನೊಂದು ಕಚ್ಚು! ಕಚ್ಚುವವಳು ಅವಳೇ, ನಿದ್ದೆಯಲ್ಲಿ. ಬರೆಯುತ್ತ ಜೋಹಿದನಿಗೇ ಮೈ ಜುಮ್ಮೆಂದಿತು.

ಪಾತ್ರ ಪಕ್ಕದ ಮನೆಯ ಸೆವಾರಾಳಿಗೆಂದೇ ಬರೆದದ್ದು. ಮೂರು ವರ್ಷದಿಂದ ಅವಳಿಗೆ ಮನಸ್ಸಿನ ಮಾತು ಹೇಳಲು ಹೋಗಿ, "ಸುತ್ತಿಗೆ ಇದೆಯಾ?" ಎಂದು ಕೇಳಿಕೊಂಡು ಬರುತ್ತಿದ್ದ. ಅವರ ಎರಡು ಸುತ್ತಿಗೆ ಇವನ ಮನೆಯಲ್ಲೇ ಇದ್ದವು. ದೂರದ ತೆರ್ಮೆಜ್ ಊರಿನಿಂದ ಹೆಣ್ಣು ಕೇಳಲು ಬಂದವರನ್ನು ಅವಳು ಮೂರು ಸಲ ಬರಿಗೈಲಿ ಕಳಿಸಿದ್ದಳು. ಅದೊಂದೇ ಇವನಿಗಿದ್ದ ಧೈರ್ಯ.

ಅಂತೂ ಅವರದೇ ಸುತ್ತಿಗೆಯಿಂದ ಮೊಳೆ ಹೊಡೆದು, ಕಚ್ಚಿದ ರೊಟ್ಟಿ ತೂಗುಹಾಕಿ, ದೃಶ್ಯ ಹೇಗೆ ಕಾಣುತ್ತದೆಂದು ನೋಡುತ್ತಿದ್ದಾಗ ಎದುರುಮನೆಯ ಓಯ್ಸಾರಾ ಚಿಕ್ಕಮ್ಮ ಸೂಪಿನ ಬಟ್ಟಲು ಹಿಡಿದು ಒಳಬಂದಳು.

"ಅಯ್ಯೋ ನನ್ನ ಕಂದಾ! ಯಾವಾಗಲೋ ಹೊರಡೋದು?"

"ಎಲ್ಲಿಗೂ ಇಲ್ಲ ಚಿಕ್ಕಮ್ಮ. ಇದು ಸಿನಿಮಾಗೆ."

"ಹೊರಡೋರೆಲ್ಲ ಹಿಂಗೇ ಅನ್ನೋದು, ದೃಷ್ಟಿ ಆಗುತ್ತೆ ಅಂತ. ನಾನು ಯಾರಿಗೂ ಹೇಳಲ್ಲ ಬಿಡು."

ಅವಳು ಯಾರಿಗೂ ಹೇಳದೆ ಅರ್ಧ ಗಂಟೆಯಲ್ಲಿ ಕೇರಿಗೆಲ್ಲ ಗೊತ್ತಾಯಿತು. ಕ್ಷೌರದ ತುರ್ಸುನ್ ಮಾವ ಉಣ್ಣೆ ಕಾಲುಚೀಲದ ಗಂಟು ತಂದಿಟ್ಟ. "ಇಲ್ಲಿಂದ ದುಡಿಯೋಕೆ ಹೋಗೋರೆಲ್ಲ ಕೊರಿಯಾಕ್ಕೇ ತಾನೆ? ಅಲ್ಲಿ ನನ್ನ ತಂಗಿ ಮಗ ಇದಾನೆ, ಅವನಿಗೆ ಕೊಟ್ಟುಬಿಡಪ್ಪ."

"ಮಾವ, ನಾನು ಹೋಗ್ತಿಲ್ಲ!"

"ಹ್ಞೂಂ ಹ್ಞೂಂ, ಹೋಗ್ತಿಲ್ಲ. ಸ್ವಲ್ಪ ದಪ್ಪಗಿದಾನೆ, ಗುರುತು ಸಿಗುತ್ತೆ."

ಸಂತೆಯಿಂದ ಬಂದ ತಾಯಿ ಹೊಸ್ತಿಲಲ್ಲೇ ಕುಸಿದು, "ಹೆತ್ತೋಳಿಗೂ ಹೇಳಲಿಲ್ಲವಲ್ಲೋ!" ಎಂದು ಅಳತೊಡಗಿದಳು. ಹೋಗುತ್ತಿಲ್ಲವೆಂದು ಅವಳನ್ನು ನಂಬಿಸಲು ಅವನು ಎರಡು ಸಲ ಆಣೆ ಇಡಬೇಕಾಯಿತು.

ಅಷ್ಟರಲ್ಲಿ ಓಯ್ಸಾರಾ ಮತ್ತೆ ಇಣುಕಿದಳು. "ಸೆವಾರಾಗೂ ಹೇಳಿದೆ ಕಣೋ. ಹಿಟ್ಟು ನಾದ್ತಿದ್ದೋಳು ಹಿಟ್ಟಿನ ಕೈಲೇ ಮುಖ ಮುಚ್ಕೊಂಡು ಅತ್ತುಬಿಟ್ಲು."

ಜೋಹಿದನ ಎದೆ ಹಾರಿತು. ಅತ್ತಳೇ? ನನಗಾಗಿ? ಅಲ್ಲಿಂದಾಚೆಗೆ ಯಾರೇ ಕೇಳಲಿ, "ಹೌದು, ಸಿಯೋಲ್‌ಗೆ" ಎಂದುಬಿಟ್ಟ. ಅವಳು ಬರುತ್ತಾಳೆ, 'ಹೋಗಬೇಡ' ಅನ್ನುತ್ತಾಳೆ, 'ಸರಿ, ಹೋಗಲ್ಲ' ಅಂದರಾಯಿತು. ಮೂರು ವರ್ಷ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು ತಾನಾಗಿಯೇ ಇತ್ಯರ್ಥವಾಗುತ್ತಿತ್ತು.

ಸಂಜೆ ಸೆವಾರಾ ಬಂದಳು. ಕಣ್ಣು ಕೆಂಪಾಗಿತ್ತು. ಕೈಯಲ್ಲಿ ಅರ್ಧ ರೊಟ್ಟಿ.

"ಮಧ್ಯಾಹ್ನ ತೆರ್ಮೆಜ್‌ನೋರು ನಾಲ್ಕನೇ ಸಲ ಬಂದಿದ್ರು" ಎಂದಳು. "ನೀನು ಹೊರಟೆಯಲ್ಲ, ಇನ್ನೇನಂತ ಹ್ಞೂಂ ಅಂದೆ. ಅಪ್ಪ ರೊಟ್ಟಿ ಮುರಿದ್ರು."

ನಿಶ್ಚಿತಾರ್ಥದ ರೊಟ್ಟಿ ಮುರಿದ ಮೇಲೆ ಮುಗಿಯಿತು, ಮಾತು ಹಿಂದಕ್ಕೆ ಬರುವುದಿಲ್ಲ. ಜೋಹಿದ್ ಗೋಡೆಯ ರೊಟ್ಟಿಯತ್ತ ಕೈ ತೋರಿಸಿದ.

"ಸೆವಾರಾ, ನಾನೆಲ್ಲೂ ಹೋಗ್ತಿಲ್ಲ. ಅದು... ಪಾತ್ರಕ್ಕೆ. ಕಾಯ್ತಾ ಕೂತಿರೋ ಹುಡುಗಿ ಪಾತ್ರ. ನಿನಗೇ ಅಂತ ಬರೆದೆ."

ಅವಳು ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ.

"ಕಾಯೋಳ ಪಾತ್ರನಾ? ಮೂರು ವರ್ಷ ಮಾಡಿ ಸಾಕಾಯ್ತು ಜೋಹಿದ್. ಇನ್ನು ನೀನು ಮಾಡು."

ಅರ್ಧ ರೊಟ್ಟಿಯನ್ನು ಅವನ ಕೈಗಿಟ್ಟಳು. ಗೋಡೆಯ ರೊಟ್ಟಿಯನ್ನು ಇಳಿಸಿ, ಇನ್ನೊಂದು ಬದಿಯಲ್ಲಿ ಒಂದು ಕಚ್ಚು ಕಚ್ಚಿ, ಮತ್ತೆ ಮೊಳೆಗೆ ಹಾಕಿದಳು. "ಊರು ಬಿಟ್ಟು ಹೊರಟಿರೋಳು ನಾನು" ಎಂದಳು. ಬಾಗಿಲಲ್ಲಿ ತಿರುಗಿ, "ಸುತ್ತಿಗೆ ವಾಪಸು ಕೊಡಬೇಕಂತೆ, ಅಮ್ಮ ಹೇಳಿದ್ಲು."

ಎರಡು ಸುತ್ತಿಗೆಯನ್ನೂ ಅವನೇ ಹುಡುಕಿ ತಂದುಕೊಟ್ಟ.

ದೀಪ ಹಚ್ಚಲು ಬಂದ ತಾಯಿ ಗೋಡೆ ನೋಡಿ ಬೆಚ್ಚಿದಳು.

"ಲೋ, ಬೆಳಿಗ್ಗೆ ಒಂದೇ ಕಚ್ಚು ಇತ್ತಲ್ಲೋ! ಇನ್ನೊಂದು ಯಾರು ಕಚ್ಚಿದ್ದು?"

ಜೋಹಿದ್ ರೊಟ್ಟಿಯ ಕೆಳಗೆ ಕೂತು, ಕತೆಯಲ್ಲಿ 'ಹುಡುಗಿ' ಎಂದಿದ್ದ ಕಡೆಯೆಲ್ಲ ಹೊಡೆದು 'ಹುಡುಗ' ಎಂದು ತಿದ್ದುತ್ತಿದ್ದ.