ನಾಣ್ಯಕ್ಕೊಂದು ಮುಖ ಬೇಕಾಗಿತ್ತು

ಚರಿತ್ರೆಯಲ್ಲಿ ಕೆಲವರು ಕತ್ತಿ ಹಿಡಿದು ಹೆಸರಾದರು, ಕೆಲವರು ಲೇಖನಿ ಹಿಡಿದು. ನಾನು ಹೆಸರಾದದ್ದು ಲಿಫ್ಟ್ ರಿಪೇರಿ ವಿಭಾಗದ ದೂರು ಪುಸ್ತಕದ ಅಂಚಿನಲ್ಲಿ! ಫೋನಿನ ಆ ಕಡೆ ಯಾರೋ ಲಿಫ್ಟಿನೊಳಗೆ ಸಿಕ್ಕಿಕೊಂಡು ಬೊಬ್ಬೆ ಹೊಡೆಯುತ್ತಿದ್ದರೆ, ಈ ಕಡೆ ನನ್ನ ಪೆನ್ಸಿಲ್ ತನ್ನ ಪಾಡಿಗೆ ಒಂದು ಆನೆ, ಎರಡು ಬಾತುಕೋಳಿ ಬಿಡಿಸಿ ಮುಗಿಸಿರುತ್ತಿತ್ತು. ಆ ಆನೆಗಳನ್ನು ನೋಡಲು ಮೇಲಿನ ಮಹಡಿಗಳಿಂದ ಜನ ಇಳಿದು ಬರುತ್ತಾರೆಂದು ಪ್ರತೀತಿ. ಪ್ರತೀತಿ ಹಬ್ಬಿಸಿದವನು ನಾನೇ.

ಆದ್ದರಿಂದ ನಮ್ಮ ಚೀಫ್ ನಿವೃತ್ತರಾಗುವಾಗ, ಅವರ ಮುಖವಿರುವ ನೆನಪಿನ ನಾಣ್ಯ ಮಾಡಿಸಿ ಅವರಿಗೂ ತಂಡದ ಹನ್ನೆರಡು ಮಂದಿಗೂ ಕೊಡುವುದೆಂದು ತೀರ್ಮಾನವಾದ ಕೂಡಲೇ ನಾನು ಎದ್ದು ನಿಂತೆ. “ಚಿತ್ರ ನನಗೆ ಬಿಡಿ. ರಾಜಮಹಾರಾಜರ ನಾಣ್ಯಗಳು ನಾಚಬೇಕು!”

ಚೀಫ್ ಕೇಳಿದ್ದೂ ಅದೊಂದನ್ನೇ. “ಬೇರೆ ಉಡುಗೊರೆ ಬೇಡ. ಅಷ್ಟು ವರ್ಷ ಆಫೀಸಲ್ಲಿ ಏನು ಕಡಿದು ಕಟ್ಟೆ ಹಾಕಿದೆ ಅಂತ ಮೊಮ್ಮಗಳು ಕೇಳ್ತಾಳೆ. ಆ ನಾಣ್ಯ ತೋರಿಸ್ತೀನಿ.”

ನಾಣ್ಯದ ಮೇಲೆ ಪಕ್ಕದಿಂದ ಕಂಡ ಮುಖ ಇದ್ದರೇ ಗತ್ತು. ನಮ್ಮಲ್ಲಿದ್ದದ್ದು ಚೀಫ್ ಅವರ ಒಂದೇ ಒಂದು ಫೋಟೊ, ಅದೂ ಗುರುತಿನ ಚೀಟಿಯದು: ಎದುರಿನಿಂದ ಎರಡು ಕೆಂಗಣ್ಣು, ಒಂದು ಪೊದೆ ಮೀಸೆ. ಅವರನ್ನೇ ಕೂರಿಸಿ ಬರೆಯಬಹುದಿತ್ತು. ಆದರೆ “ಸ್ವಲ್ಪ ಆ ಕಡೆ ತಿರುಗಿ ಸರ್” ಎನ್ನುವ ಗಂಡು ನಮ್ಮ ವಿಭಾಗದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮನೆಗೆ ಬಂದೆ. ನಮ್ಮತ್ತೆ ಟಿವಿ ಮುಂದೆ ಕೂತಿದ್ದರು. ಧಾರಾವಾಹಿ ನಡೆಯುವಾಗ ಅವರು ಅಲುಗುವುದಿಲ್ಲ. ಭೂಕಂಪವೂ ಜಾಹೀರಾತು ಬರುವವರೆಗೆ ಕಾಯಬೇಕು. ಇದಕ್ಕಿಂತ ಒಳ್ಳೆಯ ಪಕ್ಕದ ಮುಖ ಭೂಮಂಡಲದಲ್ಲಿ ಉಂಟೆ? ಸೋಫಾದ ತುದಿಯಲ್ಲಿ ಕೂತು ಪೆನ್ಸಿಲ್ ತೆಗೆದೆ.

“ರೀ, ನಮ್ಮಮ್ಮನ್ನ ಯಾಕೆ ಹಾಗೆ ಗುರಾಯಿಸ್ತಿದ್ದೀರಾ?” ಎಂದಳು ಹೆಂಡತಿ.

“ಗುರಾಯಿಸ್ತಿಲ್ಲ ಕಣೇ, ಅಳತೆ ತಗೋತಿದ್ದೀನಿ.”

“ಅಳತೆನಾ? ಯಾತಕ್ಕೆ?!”

ಅತ್ತೆಯಿಂದ ಬರೀ ಆಕಾರ ಸಾಲ ಪಡೆದೆ, ಫೋಟೊದಿಂದ ಮೀಸೆ ತಂದು ನೆಟ್ಟೆ, ಅಚ್ಚು ಹಾಕುವವನಿಗೆ ಕಳಿಸಿದೆ. ಆ ಪುಣ್ಯಾತ್ಮ ಕೊಟ್ಟದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಕೆತ್ತುವವನು.

ನಾಣ್ಯಗಳು ಬಂದದ್ದು ಬೀಳ್ಕೊಡುಗೆಯ ದಿನ ಬೆಳಿಗ್ಗೆ. ಕಾಫಿ ಲೋಟ ಬದಿಗಿಟ್ಟು ಹೆಂಡತಿ ಒಂದನ್ನು ಕೈಗೆತ್ತಿಕೊಂಡಳು.

“ಅಮ್ಮಂಗೆ ಯಾಕ್ರೀ ಮೀಸೆ ಬರೆದಿದ್ದೀರಾ?”

“ಅಮ್ಮ ಅಲ್ಲ, ಅದು ಚೀಫ್!”

“ಚೀಫ್‌ಗೆ ತುರುಬಿದೆಯಾ?”

“ತುರುಬಲ್ಲ... ಹೆಲ್ಮೆಟ್ಟು.”

“ಹೆಲ್ಮೆಟ್ಟಿಗೆ ಹೇರ್‌ಪಿನ್ನು ಚುಚ್ಚಿದ್ದೀರಲ್ಲ!”

ಅಷ್ಟರಲ್ಲಿ ಅತ್ತೆ ಕನ್ನಡಕ ಏರಿಸಿ ಬಂದರು. ನಾಣ್ಯವನ್ನು ಹಿಡಿದು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು.

“ಮೂಗು ಚೆನ್ನಾಗಿ ಬಂದಿದೆ ಅಳಿಯಂದ್ರೇ,” ಎಂದರು ಗದ್ಗದರಾಗಿ. “ನಿಮ್ಮ ಮಾವ ಒಂದು ದಿನಾನೂ ನನ್ನ ಫೋಟೊ ತೆಗೆಸಿದವರಲ್ಲ. ನೀವು ನಾಣ್ಯಾನೇ ಹೊಡೆಸಿಬಿಟ್ರಿ! ಮೀಸೆ ಒಂದು ಬೇಡಿತ್ತು.” ಲೆಕ್ಕಕ್ಕಿಂತ ಹೆಚ್ಚಿಗೆ ಹೊಡೆಸಿದ್ದ ಎರಡು ನಾಣ್ಯ ಅವರ ಪರ್ಸಿಗೆ ಹೋದವು. “ಸಮಾರಂಭಕ್ಕೆ ನಾನೂ ಬರ್ತೀನಿ.”

ಬೇಡ ಎನ್ನಲು ಬಾಯಿ ತೆರೆದೆ. ಅವರಾಗಲೇ ಬೀರು ತೆರೆದು ಜರಿ ಸೀರೆ ಹುಡುಕುತ್ತಿದ್ದರು.

ಸಭಾಂಗಣದ ಮೊದಲ ಸಾಲಿನಲ್ಲಿ, ಜರಿ ಸೀರೆಯುಟ್ಟು, ಅತ್ತೆ! ತಂಡದವರ ಕೈಗೆ ನಾಣ್ಯ ಬಂತು. ಎಲ್ಲರೂ ಒಮ್ಮೆ ನಾಣ್ಯ ನೋಡಿದರು, ಒಮ್ಮೆ ಅತ್ತೆಯನ್ನು ನೋಡಿದರು. ಸದಾ ಎಣ್ಣೆಯಲ್ಲೇ ಮುಳುಗಿರುವುದರಿಂದ ‘ಗ್ರೀಸ್’ ಎಂದೇ ಹೆಸರಾದ ನಮ್ಮ ಮೆಕ್ಯಾನಿಕ್ ನನ್ನ ಕಿವಿಗೆ ಬಾಗಿದ. “ಏನ್ ಗುರುವೇ, ಚೀಫ್ ಅವರ ಅಕ್ಕ ಬಂದಿದ್ದಾರೆ ಅಂತ ಹೇಳ್ಲೇ ಇಲ್ಲ!”

ಕೊನೆಗೆ ಚೀಫ್ ಡಬ್ಬಿ ತೆರೆದರು. ನಾಣ್ಯ ನೋಡಿದರು. ಅತ್ತೆಯತ್ತ ನೋಡಿದರು. ಅತ್ತೆ, ಅವರಿಗೆ ಅನುಕೂಲವಾಗಲೆಂದು, ಮುಖವನ್ನು ಪಕ್ಕಕ್ಕೆ ತಿರುಗಿಸಿ ಕೊಟ್ಟರು!

ಪ್ರಾಚೀನ ಶೈಲಿ, ಲೋಹದ ಗುಣ, ಅಚ್ಚಿನವನ ಕೈಚಳಕ ಎಂದೆಲ್ಲ ದಾರಿಯುದ್ದಕ್ಕೂ ನೆಪಗಳನ್ನು ಉರುಹೊಡೆದಿದ್ದೆ. ಚೀಫ್ ಕೂಗಲಿಲ್ಲ. ಕೂಗಿದ್ದರೆ ಅಭ್ಯಾಸವಿತ್ತು, ತಡೆದುಕೊಳ್ಳುತ್ತಿದ್ದೆ.

“ಮೊಮ್ಮಗಳಿಗೆ ಇದನ್ನ ಯಾರು ಅಂತ ತೋರಿಸ್ಲಿ?” ಎಂದರು ಮೆಲ್ಲಗೆ. “ಹದಿನೆಂಟು ವರ್ಷ ದಿನಾ ನನ್ನ ಮೇಜಿನ ಮುಂದೆ ನಿಂತಿದ್ದೀರಿ. ನನ್ನ ಮುಖ ಒಂಚೂರೂ ನೆನಪಿಲ್ವೇನ್ರೀ?”

“ನೀವು ಬೈಯುವಾಗ ನಾನು ತಲೆ ಎತ್ತಿದ್ದೇ ಇಲ್ಲ ಸರ್,” ಎಂದೆ. “ನಿಮ್ಮ ಶೂ ಬೇಕಾದ್ರೆ ಕಣ್ಣು ಮುಚ್ಚಿಕೊಂಡು ಬರೀತೀನಿ.”